ಕಾವಲು ಮತ್ತು ಎರಡನೆಯ ಬಾಗಿಲು: ಚಳ್ಳಕೆರೆಯ ಅಮೃತಮಹಲಿನಿಂದ ಗಣಕಸಮೂಹದವರೆಗೆ

ಚಿತ್ರದುರ್ಗದ ಜಿಲ್ಲೆಗೆ ಸೇರಿದ ಚಳ್ಳಕೆರೆ, ಮೊಳಕಾಲ್ಮೂರು ತಾಲೂಕುಗಳು ಶಾಸನಾಭ್ಯಾಸಿಗಳಿಗೆ ಅಪರಿಚಿತವಾದುವಲ್ಲ. ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಅಶೋಕಶಾಸನಗಳನ್ನು ಬೆಳಕಿಗೆ ತಂದಂದಿನಿಂದಲೂ, ೧೯೪೭ರಲ್ಲಿ ವೀಲರ್ ಅವರು ಬ್ರಹ್ಮಗಿರಿಯಲ್ಲಿ ಉತ್ಖನನವನ್ನು ನಡೆಸಿದಂದಿನಿಂದಲೂ ಈ ಸೀಮೆಯ ಹೆಸರು ವಿದ್ವಾಂಸರ ಬಾಯಲ್ಲಿ ನೆಲೆಗೊಂಡಿದೆ. ಪ್ರಕೃತ ಲೇಖನದಲ್ಲಿ ವಿಚಾರಿಸತಕ್ಕ ವಿಷಯವು ಮಾತ್ರ ಅಷ್ಟು ಪ್ರಾಚೀನವಾದುದಲ್ಲ. ಅನೇಕ ಗಣಕಯಂತ್ರಗಳನ್ನು ಒಂದುಗೂಡಿಸಿದ ಸಮೂಹದಲ್ಲಿ, ಅಂದರೆ ಕ್ಲಸ್ಟರಿನಲ್ಲಿ, ಕಂಟೇನರ್ ಎಂಬ ಕಾರ್ಯಘಟಕಕ್ಕೆ ಸಾಮಾನ್ಯವಾಗಿ ದೊರೆಯುವ ಒಂದು ಜಾಲದ್ವಾರವಲ್ಲದೆ, ಅದಕ್ಕಿಂತ ವೇಗವತ್ತರವಾದ ಮತ್ತೊಂದು ದ್ವಾರವನ್ನು ಕಲ್ಪಿಸುವ ಪದ್ಧತಿಯು ಹೇಗೆ ಹುಟ್ಟಿತು, ಏಕೆ ಬೇಕಾಯಿತು, ಅದರಿಂದುಂಟಾದ ತೊಡಕು ಯಾವುದು ಎಂಬುದೇ ಇಲ್ಲಿಯ ವಿಷಯ. ಸಾಹಿತ್ಯಾಧ್ಯಾಪಕರು ಓದತಕ್ಕ ಪತ್ರಿಕೆಯಲ್ಲಿ ಇದಕ್ಕೇನು ಸ್ಥಾನವೆಂದು ಕೆಲವರು ಕೇಳಬಹುದು. ಈ ಪದ್ಧತಿಯ ತಿರುಳನ್ನು ತಿಳಿಸುವ ಶಬ್ದವೊಂದು ಚಳ್ಳಕೆರೆಯ ನೆಲದಲ್ಲಿಯೇ ಬಹುಕಾಲದಿಂದ ಬಿದ್ದಿರುವುದರಿಂದಲೂ, ಆ ಶಬ್ದದ ಎರಡು ಅರ್ಥಗಳಲ್ಲಿ ಒಂದನ್ನು ಮಾತ್ರ ಹಿಡಿದು ಮತ್ತೊಂದನ್ನು ಬಿಟ್ಟುದರಿಂದಲೇ ತೊಡಕುಂಟಾಗಿದೆಯೆಂದು ತೋರುವುದರಿಂದಲೂ, ವಿಷಯವು ನಮ್ಮದೇ ಆಗಿದೆಯೆಂದು ನನ್ನ ಅಭಿಪ್ರಾಯ.

ಆ ಶಬ್ದವು 'ಕಾವಲು'. ಕಾಯ್ ಎಂಬ ಧಾತುವಿನಿಂದ ಹುಟ್ಟಿ, ತಮಿಳಿನಲ್ಲಿ ಕಾವಲ್ ಎಂದೂ ತೆಲುಗಿನಲ್ಲಿ ಕಾವಲಿ ಎಂದೂ ಪ್ರಸಿದ್ಧವಾಗಿರುವ ಈ ಪದಕ್ಕೆ ರಕ್ಷಣೆ, ಪಹರೆ ಎಂಬುದು ಮುಖ್ಯಾರ್ಥ. ಮೈಸೂರು ಸೀಮೆಯ ಕನ್ನಡದಲ್ಲಿ ಮಾತ್ರ, ಇತರರು ಉಳದಂತೆಯೂ ಕೊರೆಯದಂತೆಯೂ ಒಂದು ಪ್ರಯೋಜನಕ್ಕಾಗಿ ಮೀಸಲಿಟ್ಟ ಹುಲ್ಲುಗಾವಲಿಗೂ ಕಾವಲು ಎಂದೇ ಹೆಸರು. ಹುಲ್ಲು+ಕಾವಲು=ಹುಲ್ಲುಗಾವಲು ಎಂಬ ಸಮಾಸವನ್ನು ಬಿಡಿಸಿದರೆ ಸಾಕು, ಮೀಸಲು ಎಂಬ ಅರ್ಥವು ಕಾಯುವಿಕೆಯಿಂದಲೇ ಬಂದಿತೆಂಬುದು ಸ್ಪಷ್ಟವಾಗುತ್ತದೆ. ಕಾಯುವವನಿಲ್ಲದ ಮೀಸಲು ಮೀಸಲೇ ಅಲ್ಲವೆಂಬುದನ್ನು ಭಾಷೆಯು ತಾನಾಗಿಯೇ ಹೇಳುತ್ತಿದೆ. ವರವು ಕಾವಲು, ಉಳ್ಳಾರ್ತಿ ಕಾವಲು ಎಂದು ಚಳ್ಳಕೆರೆ ತಾಲೂಕಿನಲ್ಲಿ ಇಂದಿಗೂ ಕರೆಯಿಸಿಕೊಳ್ಳುವ ಬಯಲುಗಳು ಹೀಗೆ ಹೆಸರು ಪಡೆದವು.

ಈ ಕಾವಲುಗಳ ಚರಿತ್ರೆಯನ್ನು ಕೊಂಚ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಮೈಸೂರಿನ ಚಿಕ್ಕದೇವರಾಜ ಒಡೆಯರು (ಕ್ರಿ. ಶ. ೧೬೭೩-೧೭೦೪) ತಮ್ಮ ಆಡಳಿತವನ್ನು ಅಠಾರ ಕಚೇರಿಯೆಂದು ಹೆಸರಾದ ಹದಿನೆಂಟು ಇಲಾಖೆಗಳಾಗಿ ವಿಂಗಡಿಸಿದಾಗ, ಅರಮನೆಯ ಗೋಸಮೂಹವನ್ನು ನೋಡಿಕೊಳ್ಳುತ್ತಿದ್ದ ಇಲಾಖೆಗೆ ಬೆಣ್ಣೆ ಚಾವಡಿಯೆಂದು ಹೆಸರಿತ್ತು. ಹೆಸರಿಗೆ ತಕ್ಕಂತೆ ಹಾಲು ಬೆಣ್ಣೆಗಳ ಲೆಕ್ಕವೇ ಅದರ ಮೊದಲಿನ ಕೆಲಸ. ಹೈದರಾಲಿಯು ಅಧಿಕಾರಕ್ಕೆ ಬಂದ ಮೇಲೆ ಆ ದನಗಳ ಉಪಯೋಗವೇ ಬದಲಾಯಿತು. ಹೋರಿಗರುಗಳು ಫಿರಂಗಿಯ ಗಾಡಿಗಳನ್ನೆಳೆಯುವ ಎತ್ತುಗಳಾಗಿ ದಂಡಿಗೆ ಸೇರಿದವು. ಟಿಪ್ಪುಸುಲ್ತಾನನು ಬೆಣ್ಣೆ ಚಾವಡಿಯೆಂಬ ಹೆಸರನ್ನು ತೆಗೆದು ಅಮೃತಮಹಲ್ ಎಂದಿಟ್ಟು, ಈ ಇಲಾಖೆಯ ನಡವಳಿಕೆಗಾಗಿ ಹುಕುಂನಾಮೆಯನ್ನೂ ಹೊರಡಿಸಿದನು. ಹಳ್ಳಿಕಾರ್ ತಳಿಯಿಂದ ಬಂದ ಈ ಎತ್ತುಗಳು ಮೈಯಲ್ಲಿ ಬೃಹತ್ತಾದುವಲ್ಲ. ನಡಿಗೆಯಲ್ಲಿ ಚುರುಕು, ಸ್ವಭಾವದಲ್ಲಿ ಬಿರುಸು, ಹಸಿವು ಬಾಯಾರಿಕೆಗಳಲ್ಲಿ ತಾಳ್ಮೆ. ಹೈದರನು ಚಿದಂಬರದ ನೆರವಿಗೆ ಎರಡೂವರೆ ದಿನಗಳಲ್ಲಿ ನೂರು ಮೈಲಿಗಳನ್ನು ದಾಟಿದುದು ಇವುಗಳ ಬಲದಿಂದಲೇ ಎಂದು ಹಳೆಯ ಗೆಜೆಟಿಯರುಗಳಲ್ಲಿ ಹೇಳಿದೆ. ಶ್ರೀರಂಗಪಟ್ಟಣವು ಬಿದ್ದ ಮೇಲೆ ಇವನ್ನು ಬಳಸಿಕೊಂಡ ವೆಲ್ಲೆಸ್ಲಿಯು, ಮುಂದೆ ಸ್ಪೇನಿನ ಯುದ್ಧಗಳಲ್ಲಿ, ಮೈಸೂರಿನ ಎತ್ತುಗಳು ತನ್ನ ಬಳಿಯಿಲ್ಲವಲ್ಲಾ ಎಂದು ಪರಿತಪಿಸಿದನೆಂಬುದೂ ಅಲ್ಲಿಯೇ ಕಾಣುತ್ತದೆ.

ಈ ದನಗಳಿಗಾಗಿ ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಿಗೆಯ ಕಾವಲು ಎಂದು ಬೇರೆ ಬೇರೆಯಾಗಿ ಭೂಮಿಯನ್ನು ವಿಂಗಡಿಸಿದ್ದರು. ಬೇಸಿಗೆಯ ಕಾವಲೆಂದರೆ ಕೆರೆಯ ಹಿನ್ನೀರೋ ನೆರಳೋ ಇರುವ ತಾವು. ಮಳೆಗಾಲದ ಕಾವಲೆಂದರೆ ಚಳ್ಳಕೆರೆಯಂತಹ ಒಣಸೀಮೆಯಲ್ಲಿ ಮಳೆ ಬಿದ್ದೊಡನೆ ಹುಲ್ಲೇಳುವ ಬಯಲು. ವರ್ಷದ ಬಹುಭಾಗ ಇಂತಹ ಬಯಲು ಬರಿದಾಗಿಯೇ ಕಾಣುವುದು. ಹೊರಗಿನಿಂದ ನೋಡುವವನಿಗೆ ಇದು ವ್ಯರ್ಥವಾಗಿ ಬಿದ್ದ ಭೂಮಿ. ಆದರೆ ಬರಿದಾಗಿರುವುದೇ ಇದರ ಉಪಯೋಗ.

ಆಗಿನ ದಂಡಿಗೆ ಸಾಗಣೆಯ ದಾರಿ ಇದೊಂದೇ ಆಗಿರಲಿಲ್ಲವೆಂಬುದನ್ನು ಗಮನಿಸಬೇಕು. ಸೈನಿಕರಿಗೆ ಬೇಕಾದ ಅಕ್ಕಿ, ರಾಗಿ, ಉಪ್ಪುಗಳನ್ನು ತರುತ್ತಿದ್ದವರು ಲಂಬಾಣಿಗಳು. ಸಾವಿರಗಟ್ಟಲೆ ಹೇರೆತ್ತುಗಳನ್ನು ಹೊಡೆದುಕೊಂಡು, ದಾರಿಯಲ್ಲಿ ಮೇಯಿಸುತ್ತ, ತಮ್ಮ ನಡಿಗೆಯಲ್ಲಿಯೇ ಬಂದು, ಕೊಂಡವರಿಗೆ ಮಾರುವುದು ಅವರ ಕ್ರಮ. ಅದು ಎಲ್ಲರಿಗೂ ತೆರೆದ ದಾರಿ. ಎಲ್ಲಿಂದ ಎಲ್ಲಿಗೆ ಬೇಕಾದರೂ ಯಾವ ಸರಕು ಬೇಕಾದರೂ ಹೋಗಬಹುದು; ಆದರೆ ಯಾವ ದಿನ ತಲಪುವುದೆಂದು ಖಂಡಿತವಾಗಿ ಹೇಳುವಂತಿಲ್ಲ. ಫಿರಂಗಿಗಳನ್ನು ಹೀಗೆ ಸಾಗಿಸಲಾಗದು. ಅವುಗಳಿಗೆ ಬೇರೆ ತಳಿಯ ಎತ್ತು, ಬೇರೆ ಮೇವು, ಬೇರೆ ಆಳು, ಬೇರೆ ಲೆಕ್ಕ. ಒಂದೇ ದಂಡಿಗೆ ಹೀಗೆ ಎರಡು ಸಾಗಣೆಗಳಿದ್ದು, ಒಂದು ಮತ್ತೊಂದರ ಸ್ಥಾನವನ್ನು ಆಕ್ರಮಿಸಲಿಲ್ಲ. ವೆಲ್ಲೆಸ್ಲಿಯ ಕಾಲದಲ್ಲಿಯೂ ಈ ವಿಭಾಗವು ಹೀಗೆಯೇ ನಡೆಯಿತು. ನಮ್ಮ ಮುಂದಿನ ವಿಚಾರಕ್ಕೆ ಇದೇ ಮುಖ್ಯವಾದ ದೃಷ್ಟಾಂತ. ಸಾದೃಶ್ಯವು ವಂಶಾವಳಿಯಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅಮೃತಮಹಲನ್ನು ನೋಡಿ ಯಾರೂ ಗಣಕಜಾಲವನ್ನು ಕಟ್ಟಲಿಲ್ಲ. ಹಳೆಯದೆಲ್ಲದರಲ್ಲಿಯೂ ಹೊಸದನ್ನು ಕಾಣುವ ಚಾಪಲ್ಯವು ಪಂಡಿತರಲ್ಲಿ ಈಚೆಗೆ ಹೆಚ್ಚಾಗಿರುವುದರಿಂದ ಈ ಎಚ್ಚರಿಕೆ ಅವಶ್ಯಕ.

ಮೀಸಲಿನ ವಿಷಯದಲ್ಲಿ ಆಳುವವರಿಗೆ ಆಗಾಗ್ಗೆ ಬರುವ ಸಂದೇಹವನ್ನು ತೋರಿಸುವ ಘಟನೆಯೊಂದು ೧೮೬೦ರಲ್ಲಿ ನಡೆಯಿತು. ಖರ್ಚು ಹೆಚ್ಚಾಯಿತೆಂಬ ಕಾರಣದಿಂದ ಅಮೃತಮಹಲ್ ಇಲಾಖೆಯನ್ನೇ ಮುರಿದು ದನಗಳನ್ನು ಮಾರಿಬಿಟ್ಟರು. ಕೆಲವೇ ವರ್ಷಗಳಲ್ಲಿ, ದಂಡಿಗೆ ತಕ್ಕ ಎತ್ತುಗಳು ಪೇಟೆಯಲ್ಲಿ ದೊರೆಯುವುದಿಲ್ಲವೆಂದು ಅನುಭವಕ್ಕೆ ಬಂದು, ೧೮೬೬ರಲ್ಲಿ ಇಲಾಖೆಯನ್ನು ಮತ್ತೆ ಸ್ಥಾಪಿಸಬೇಕಾಯಿತು. ಚದರಿಹೋದ ತಳಿಯನ್ನು ಪುನಃ ಕೂಡಿಸಿದ ಕಷ್ಟವು, ಉಳಿಸಿದ ಹಣಕ್ಕಿಂತ ದೊಡ್ಡದು. ಮುಂದೆ ಈ ಸಂಸ್ಥೆಯು ಮೈಸೂರು ಸರ್ಕಾರದ ವಶಕ್ಕೆ ಬಂದು, ಇಂದು ಅಜ್ಜಂಪುರದಲ್ಲಿ ತಳಿಸಂವರ್ಧನ ಕೇಂದ್ರವಾಗಿ ಉಳಿದಿದೆ.

ಇನ್ನು ಚಳ್ಳಕೆರೆಯ ಕಾವಲುಗಳು ಏನಾದುವು? ದಂಡಿನ ಎತ್ತುಗಳ ಕಾಲವು ಮುಗಿದ ಮೇಲೆ ಸುತ್ತಲಿನ ಹಳ್ಳಿಗಳ ದನ ಕುರಿಗಳು ಅಲ್ಲಿ ಮೇಯುತ್ತಿದ್ದುವು. ಕಾಡುಗೊಲ್ಲರು, ಮ್ಯಾಸನಾಯಕರು, ಕುರುಬರು ಈ ಬಯಲನ್ನೇ ನೆಚ್ಚಿದವರು. ಮ್ಯಾಸನಾಯಕರ ದೇವರೆತ್ತುಗಳೂ ಅವನ್ನು ಕಾಯುವ ಕಿಲಾರಿಗಳೂ ಈ ಸೀಮೆಯಲ್ಲಿ ಇಂದಿಗೂ ಉಂಟು. ಚಳ್ಳಕೆರೆಯ ಕಂಬಳಿಗೆ ಉಣ್ಣೆಯು ಇಂತಹ ಬಯಲುಗಳ ಕುರಿಗಳಿಂದಲೇ ಬರತಕ್ಕದ್ದು. ಸುಮಾರು ೨೦೦೮ರಿಂದೀಚೆಗೆ ಕುದಾಪುರ, ವರವು ಕಾವಲು, ಉಳ್ಳಾರ್ತಿ ಕಾವಲುಗಳಲ್ಲಿ ಒಟ್ಟು ಹತ್ತು ಸಾವಿರ ಎಕರೆಗಳಷ್ಟು ಭೂಮಿಯು ವಿಜ್ಞಾನಸಂಸ್ಥೆಗಳಿಗೂ ಇತರ ಉದ್ಯಮಗಳಿಗೂ ಕೊಡಲ್ಪಟ್ಟಿತು. ಭಾರತೀಯ ವಿಜ್ಞಾನ ಸಂಸ್ಥೆಗೆ ಕುದಾಪುರದಲ್ಲಿ ೧,೫೦೦ ಎಕರೆ ದೊರೆತು, ಅಲ್ಲಿ ಪ್ರೌಢಶಾಲೆಯ ಅಧ್ಯಾಪಕರಿಗೆ ಶಿಕ್ಷಣ ಕೊಡುವ ಪ್ರತಿಭಾವಿಕಾಸ ಕೇಂದ್ರವು ನಡೆಯುತ್ತಿದೆ. ರಕ್ಷಣಾ ಸಂಶೋಧನೆಯವರ ವಿಮಾನ ಪರೀಕ್ಷಾ ಕ್ಷೇತ್ರವು ೨೦೧೭ನೆಯ ಮೇ ತಿಂಗಳಲ್ಲಿ ಉದ್ಘಾಟಿತವಾಯಿತು. ಬಾಹ್ಯಾಕಾಶ ಸಂಸ್ಥೆಯ ಪುಷ್ಪಕವೆಂಬ ರೆಕ್ಕೆಯ ನೌಕೆಯು ೨೦೨೩ನೆಯ ಏಪ್ರಿಲಿನಲ್ಲಿಯೂ, ೨೦೨೪ನೆಯ ಮಾರ್ಚ್ ಮತ್ತು ಜೂನ್ ತಿಂಗಳುಗಳಲ್ಲಿಯೂ ಹೆಲಿಕಾಪ್ಟರಿನಿಂದ ಸುಮಾರು ನಾಲ್ಕೂವರೆ ಕಿಲೋಮೀಟರು ಎತ್ತರದಲ್ಲಿ ಬಿಡಲ್ಪಟ್ಟು ತಾನಾಗಿಯೇ ಬಂದಿಳಿದುದು ಈ ಕ್ಷೇತ್ರದಲ್ಲಿಯೇ. ಮೇವು ಕಳೆದುಕೊಂಡವರ ದೂರು ೨೦೧೩ರಲ್ಲಿ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ೨೦೧೪ರಲ್ಲಿ ತೀರ್ಪು ಬಂದರೂ ಬೇಲಿಯ ಹೊರಗಿನ ದನಗಳ ಪ್ರಶ್ನೆಯು ತೀರಲಿಲ್ಲ. ಒಂದು ದಾರಿಯನ್ನು ವೇಗವಾಗಿಸಲು ಮೀಸಲಿಟ್ಟುದು ಮತ್ತೊಬ್ಬರ ಪಾಲಿನಿಂದ ತೆಗೆದುದೇ ಆಗಿರುತ್ತದೆಂಬುದನ್ನು ಈ ಬೇಲಿಗಳಿಗಿಂತ ಚೆನ್ನಾಗಿ ಬೋಧಿಸುವ ಪಾಠ ಬೇರೊಂದಿಲ್ಲ. ಆ ನ್ಯಾಯಾನ್ಯಾಯಗಳ ವಿಮರ್ಶೆಗೆ ಬೇರೆಯೇ ಲೇಖನ ಬೇಕು. ಗಣಕಸಮೂಹದಲ್ಲಿಯೂ ಇದೇ ಪ್ರಶ್ನೆಯೇಳುವುದರಿಂದ ಇಷ್ಟನ್ನು ಹೇಳಿದೆನು.

ಇನ್ನು ಗಣಕಸಮೂಹದ ವಿಷಯ. ಒಂದು ಯಂತ್ರದಿಂದ ಸಾಗದ ಲೆಕ್ಕವನ್ನು ಹಲವು ಯಂತ್ರಗಳಿಗೆ ಹಂಚಿದರೆ, ಲೆಕ್ಕಕ್ಕಿಂತ ಹೆಚ್ಚಿನ ಹೊತ್ತು ಪರಸ್ಪರ ಸಂದೇಶಕ್ಕೇ ಹಿಡಿಯುವುದುಂಟು. ಇದನ್ನು ನಮ್ಮ ನಾಡಿನವರು ಮೊದಲೇ ಕಂಡುಕೊಂಡಿದ್ದರು. ೧೯೮೬ರಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ರಚಿತವಾದ ಫ್ಲೋಸಾಲ್ವರ್ ಎಂಬ ಸಮಾಂತರ ಗಣಕವು ಭಾರತದಲ್ಲಿ ಆ ಬಗೆಯವುಗಳಲ್ಲಿ ಮೊದಲಿನದು. ಅದರ ಮುಂದಿನ ಆವೃತ್ತಿಗಳಲ್ಲಿ ಸಂದೇಶಗಳ ಸಾಗಣೆಗಾಗಿಯೇ ಫ್ಲೋಸ್ವಿಚ್ ಎಂಬ ಪ್ರತ್ಯೇಕ ಸಾಧನವನ್ನು ಕಟ್ಟಿದರು. ಸಿ-ಡಾಕ್ ಸಂಸ್ಥೆಯವರು ಬೆಂಗಳೂರಿನಲ್ಲಿ ೨೦೦೩ರಲ್ಲಿ ನೆಲೆಗೊಳಿಸಿದ ಪರಮ್ ಪದ್ಮದಲ್ಲಿ ಪರಮ್‌ನೆಟ್ ಎಂಬ ಸ್ವಂತ ಜಾಲವು ಪ್ರಧಾನವಾಗಿಯೂ, ಸಾಮಾನ್ಯ ಈಥರ್ನೆಟ್ ಜಾಲವು ಸಹಾಯಕವಾಗಿಯೂ ಇದ್ದುವು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೨೦೨೨ರಲ್ಲಿ ಸ್ಥಾಪಿತವಾದ, ೩.೩ ಪೆಟಾಫ್ಲಾಪ್ ಸಾಮರ್ಥ್ಯದ ಪರಮ್ ಪ್ರವೇಗದಲ್ಲಿ ಇನ್ಫಿನಿಬ್ಯಾಂಡ್ ಎಂಬ ಜಾಲವುಂಟು. ಈ ಬೃಹದ್ಗಣಕಗಳಲ್ಲೆಲ್ಲ ಎರಡು ದಾರಿಗಳಿರುವುದು ರೂಢಿ: ಆಡಳಿತದ ಮಾತಿಗೆ ಒಂದು, ಲೆಕ್ಕದ ಮಾತಿಗೆ ಒಂದು. ದೇಶದ ಮಟ್ಟದಲ್ಲಿಯೂ ಹಾಗೆಯೇ, ಸಾರ್ವಜನಿಕ ಜಾಲವಿದ್ದರೂ ಸಾಲದೆಂದು, ಸಂಶೋಧನಾ ಸಂಸ್ಥೆಗಳಿಗಾಗಿ ರಾಷ್ಟ್ರೀಯ ಜ್ಞಾನಜಾಲವನ್ನು ಕಟ್ಟಲು ೨೦೧೦ರಲ್ಲಿ ಕೇಂದ್ರ ಸಚಿವಮಂಡಲವು ಒಪ್ಪಿಗೆಯಿತ್ತಿತು.

ಕಂಟೇನರುಗಳ ಸಂಪ್ರದಾಯವು ಬೇರೆ ಕಡೆಯಿಂದ ಬಂದುದು. ಒಂದೇ ಯಂತ್ರದಲ್ಲಿ ಅನೇಕ ಕೆಲಸಗಳು ಒಂದನ್ನೊಂದು ಕಾಣದಂತೆ ಬೇರೆ ಬೇರೆ ಕೋಣೆಗಳಲ್ಲಿದ್ದಂತೆ ನಡೆಯುವ ಏರ್ಪಾಟು ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ ಕ್ರಮಕ್ರಮವಾಗಿ ಬೆಳೆದು, ೨೦೧೩ರಲ್ಲಿ ಡಾಕರ್ ಎಂಬ ಸಾಧನದ ಮೂಲಕ ಸರ್ವತ್ರ ಹರಡಿತು. ಸಂಪುಟವೆಂಬುದು ಇದಕ್ಕೆ ಸರಿಯಾದ ಪದವಾಗುತ್ತಿತ್ತು. ಮೂಲದಲ್ಲಿ ಸಂಪುಟವೆಂದರೆ ಕರಡಿಗೆಯೇ. ಆದರೆ ಗ್ರಂಥಸಂಪುಟವೂ ಸಚಿವಸಂಪುಟವೂ ಆ ಪದವನ್ನು ಮೊದಲೇ ಹಿಡಿದುಕೊಂಡಿರುವುದರಿಂದ, ಕೆಲಸಗಾರರು ಆಡುವ ಕಂಟೇನರ್ ಎಂಬುದನ್ನೇ ಇಟ್ಟುಕೊಳ್ಳುವುದು ಲೇಸು. ಇಂಟರ್‌ಫೇಸ್ ಎಂಬುದಕ್ಕೆ ಮಾತ್ರ ಕೆಲವು ಅನುವಾದಕರು ಅಂತರ್ಮುಖವೆಂದು ಬರೆಯುತ್ತಿರುವುದನ್ನು ಒಪ್ಪಲಾಗದು. ಅಂತರ್ಮುಖಿಯೆಂದರೆ ಹೊರಗಿನ ವಿಷಯಗಳಿಂದ ಮನಸ್ಸನ್ನು ಹಿಂದೆಗೆದವನು. ಜಾಲದ ಇಂಟರ್‌ಫೇಸಾದರೋ ಹೊರಗಿನೊಡನೆ ವ್ಯವಹರಿಸುವುದಕ್ಕಾಗಿಯೇ ಇರುವುದು. ಬಾಗಿಲು ಎಂದರೆ ಎಲ್ಲರಿಗೂ ತಿಳಿಯುತ್ತದೆ.

ಇಂತಹ ಕಂಟೇನರುಗಳನ್ನು ಯಾವ ಯಂತ್ರದಲ್ಲಿ ಇರಿಸಬೇಕು, ಕೆಟ್ಟುದನ್ನು ಹೇಗೆ ಎಬ್ಬಿಸಬೇಕು ಎಂಬುದನ್ನು ನಡೆಸುವ ವ್ಯವಸ್ಥೆಗೆ ಕುಬರ್ನೆಟಿಸ್ ಎಂದು ಹೆಸರು. ಗೂಗಲ್ ಸಂಸ್ಥೆಯವರು ಇದನ್ನು ೨೦೧೪ರಲ್ಲಿ ಪ್ರಕಟಿಸಿದರು. ಗ್ರೀಕ್ ಭಾಷೆಯಲ್ಲಿ ಈ ಪದಕ್ಕೆ ಕರ್ಣಧಾರ, ಚುಕ್ಕಾಣಿ ಹಿಡಿಯುವ ಅಂಬಿಗ ಎಂದರ್ಥ. ಇದೇ ಪದವು ಲ್ಯಾಟಿನ್ ಮೂಲಕ ಇಂಗ್ಲಿಷಿಗೆ ಬಂದು ಗವರ್ನರ್ ಎಂದಾಗಿದೆ. ಗಾಡಿಯ ಮೂಕಿಗೆ ಸಂಸ್ಕೃತದಲ್ಲಿರುವ ಕೂಬರವೆಂಬ ಪದವನ್ನು ಇದರೊಡನೆ ಹೊಂದಿಸೋಣವೆಂದು ಆಸೆಯಾಗುವುದು ಸಹಜ. ಅಮೃತಮಹಲಿನ ಪ್ರಸಂಗಕ್ಕೆ ಅದು ಸೊಗಸಾಗಿಯೂ ಒದಗುತ್ತಿತ್ತು. ಧ್ವನಿಸಾಮ್ಯವೊಂದರಿಂದಲೇ ವ್ಯುತ್ಪತ್ತಿಯನ್ನು ನಿರ್ಣಯಿಸಲಾಗದಾದುದರಿಂದ ಅದನ್ನು ಬಿಡುತ್ತೇನೆ.

ಈ ವ್ಯವಸ್ಥೆಯಲ್ಲಿ ಪಾಡ್ ಎಂಬ ಪ್ರತಿಯೊಂದು ಕಂಟೇನರ್‌ಗುಂಪಿಗೂ ಒಂದು ವಿಳಾಸ, ಒಂದು ಬಾಗಿಲು ಎಂಬುದು ಮೂಲನಿಯಮ. ಒಳಗಿನಿಂದ ನೋಡಿದರೆ ಆ ಬಾಗಿಲಿಗೆ ಈಥ್-೦ ಎಂದು ಹೆಸರು. ಜೋಡಿ ಕೊಳವೆಯಂತಿರುವ ಕೃತಕ ತಂತಿಯ ಒಂದು ತುದಿಯು ಕಂಟೇನರಿನಲ್ಲಿಯೂ ಮತ್ತೊಂದು ತುದಿಯು ಆತಿಥೇಯ ಯಂತ್ರದಲ್ಲಿಯೂ ಇರುತ್ತದೆ. ಹೊರಡುವ ಪ್ರತಿಯೊಂದು ಪ್ಯಾಕೆಟ್ಟೂ ಎರಡು ಸಲ ಕರ್ನೆಲ್ ಎಂಬ ಮಧ್ಯಾಧಿಕಾರಿಯ ಮುಂದೆ ನಿಂತು, ವಿಳಾಸವನ್ನು ತೋರಿಸಿ, ಕೆಲವೊಮ್ಮೆ ಮೇಲೊಂದು ಹೊದಿಕೆಯನ್ನೂ ಹೊದಿಸಿಕೊಂಡು ಹೋಗಬೇಕು. ಇದು ಲಂಬಾಣಿಗಳ ದಾರಿ. ಪುಟಗಳನ್ನು ಕಳುಹುವ ಅಂಗಡಿಗೆ, ಲೆಕ್ಕ ಬರೆಯುವ ಕಚೇರಿಗೆ ಇದು ಧಾರಾಳವಾಗಿ ಸಾಕು. ಆದರೆ ಸೆಕೆಂಡಿಗೆ ಹತ್ತು ಗಿಗಾಬಿಟ್ಟುಗಳ ತಂತಿಯಲ್ಲಿ ಅತ್ಯಲ್ಪವಾದ ೬೪ ಬೈಟುಗಳ ಪ್ಯಾಕೆಟ್ಟುಗಳು ತುಂಬಿ ಬಂದರೆ, ಒಂದು ಸೆಕೆಂಡಿಗೆ ಸುಮಾರು ಒಂದು ಕೋಟಿ ನಲವತ್ತೆಂಟು ಲಕ್ಷ ಪ್ಯಾಕೆಟ್ಟುಗಳಾಗುತ್ತವೆ. ಒಂದೊಂದಕ್ಕೆ ದೊರೆಯುವ ಹೊತ್ತು ೬೭ ನ್ಯಾನೊಸೆಕೆಂಡು ಮಾತ್ರ. ಮೂರು ಗಿಗಾಹರ್ಟ್ಸ್ ವೇಗದ ಪ್ರೊಸೆಸರಿಗೆ ಇದು ಇನ್ನೂರು ತಾಳಗಳಷ್ಟು ಕಾಲ. ಅಷ್ಟರಲ್ಲಿ ಕರ್ನೆಲಿನ ಎಲ್ಲ ವಿಚಾರಣೆಗಳೂ ಮುಗಿಯುವಂತಿಲ್ಲ. ದೂರವಾಣಿಯ ಸಂಸ್ಥೆಗಳವರೂ, ಅನೇಕ ಯಂತ್ರಗಳಲ್ಲಿ ಒಂದೇ ಲೆಕ್ಕವನ್ನು ನಡೆಸತಕ್ಕವರೂ ತಮ್ಮ ಕೆಲಸವನ್ನು ಕಂಟೇನರುಗಳಿಗೆ ತಂದಾಗ ಈ ಇಕ್ಕಟ್ಟು ಎದುರಾಯಿತು. ಮೂಲನಿಯಮವನ್ನು ಮುರಿಯದೆ ಎರಡನೆಯ ಬಾಗಿಲನ್ನು ತೆರೆಯುವುದೇ ಸಮಸ್ಯೆ.

ಇದಕ್ಕೆ ಇಂಟೆಲ್ ಸಂಸ್ಥೆಯವರು ಆರಂಭಿಸಿದ ಮಲ್ಟಸ್ ಎಂಬ ಪ್ಲಗಿನ್ನು ಒಂದು ಜಾಣತನದ ಉತ್ತರ. ಲ್ಯಾಟಿನ್‌ನಲ್ಲಿ ಮಲ್ಟಸ್ ಎಂದರೆ ಬಹು. ಇದು ತಾನಾಗಿ ಯಾವ ಬಾಗಿಲನ್ನೂ ಕಡೆಯುವುದಿಲ್ಲ. ಬಾಗಿಲು ಕಡೆಯುವ ಇತರ ಪ್ಲಗಿನ್ನುಗಳ ಮುಂದೆ ಮೇಸ್ತ್ರಿಯಂತೆ ನಿಂತು, ಮೊದಲು ರೂಢಿಯ ಪ್ಲಗಿನ್ನನ್ನು ಕರೆದು ಈಥ್-೦ ಎಂಬುದನ್ನು ಮಾಡಿಸುತ್ತದೆ. ಅನಂತರ ಪಾಡಿನ ಓಲೆಯಲ್ಲಿ ಬೇರಾವುದಾದರೂ ಜಾಲದ ಹೆಸರು ಬರೆದಿದೆಯೇ ಎಂದು ನೋಡಿ, ಬರೆದಿದ್ದರೆ ಅದಕ್ಕೆ ತಕ್ಕ ಪ್ಲಗಿನ್ನನ್ನು ಕರೆದು ನೆಟ್-೧, ನೆಟ್-೨ ಎಂದು ಹೆಚ್ಚಿನ ಬಾಗಿಲುಗಳನ್ನು ಮಾಡಿಸುತ್ತದೆ. ಆ ಜಾಲದ ಲಕ್ಷಣಗಳನ್ನು ಮುಂಚಿತವಾಗಿಯೇ ನೆಟ್‌ವರ್ಕ್ ಅಟ್ಯಾಚ್‌ಮೆಂಟ್ ಡೆಫಿನಿಷನ್ ಎಂಬ ಪತ್ರದಲ್ಲಿ ಬರೆದು ಸಮೂಹದ ದಫ್ತರದಲ್ಲಿ ಇಟ್ಟಿರಬೇಕು. ಈ ಪತ್ರದ ರೂಪವು ೨೦೧೮ರಲ್ಲಿ ಹಲವು ಸಂಸ್ಥೆಗಳವರು ಕೂಡಿ ಒಪ್ಪಿದ್ದು. ಕೆಲಸ ಮುಗಿದ ಮೇಲೆ ಯಾವ ಬಾಗಿಲಿಗೆ ಯಾವ ವಿಳಾಸವಾಯಿತೆಂಬ ವರದಿಯನ್ನು ಅದೇ ಓಲೆಯ ಮೇಲೆ ಬರೆಯುತ್ತದೆ. ಮೊದಲಿನ ಬಾಗಿಲಿಗೆ ಏನೊಂದು ಬದಲಾವಣೆಯೂ ಆಗುವುದಿಲ್ಲವೆಂಬುದೇ ಈ ಏರ್ಪಾಟಿನ ಗುಣ. ಯಂತ್ರದ ಆರೋಗ್ಯವಿಚಾರಣೆ, ಹೆಸರು ಹುಡುಕುವಿಕೆ, ಆಡಳಿತ ಮೊದಲಾದುವೆಲ್ಲ ಹಳೆಯ ಬಾಗಿಲಿನಿಂದಲೇ ನಡೆಯುತ್ತವೆ.

ವಿಳಾಸದ ಪ್ರಶ್ನೆಯಲ್ಲಿ ಮೊದಮೊದಲು ಎಡವಿದವರು ಬಹುಮಂದಿ. ವಿಳಾಸವನ್ನು ಹಂಚುವ ಸರಳವಾದ ಪ್ಲಗಿನ್ನು ತನ್ನ ಯಂತ್ರದೊಳಗಿನ ಲೆಕ್ಕವನ್ನು ಮಾತ್ರ ಬಲ್ಲದು. ಎರಡು ಯಂತ್ರಗಳಲ್ಲಿ ಒಂದೇ ವ್ಯಾಪ್ತಿಯನ್ನು ಬರೆದಿಟ್ಟರೆ, ಎರಡು ಕಂಟೇನರುಗಳಿಗೆ ಒಂದೇ ವಿಳಾಸವು ಬಂದುಬಿಡುತ್ತದೆ. ಮೊಳಕಾಲ್ಮೂರು ತಾಲೂಕಿನಲ್ಲಿ ರಾಂಪುರವೆಂಬ ಊರುಂಟು. ಆ ಹೆಸರಿನ ಊರುಗಳು ನಾಡಿನಲ್ಲಿ ಇನ್ನೆಷ್ಟೋ ಇವೆ. ತಾಲೂಕನ್ನು ಬರೆಯದ ಕಾಗದವು ಎಲ್ಲಿಗೆ ಹೋಗುವುದೋ ಹೇಳಲಾಗದು. ಇಡೀ ಸಮೂಹಕ್ಕೆ ಒಂದೇ ಲೆಕ್ಕವನ್ನಿಡುವ ವೇರ್‌ಅಬೌಟ್ಸ್ ಎಂಬ ಪ್ಲಗಿನ್ನು ಈ ಕಾರಣದಿಂದಲೇ ಹುಟ್ಟಿತು. ವಿಳಾಸದ ಮಾತು ಬಂದುದರಿಂದ ಬ್ರಹ್ಮಗಿರಿಯ ಶಾಸನವನ್ನು ಇಲ್ಲಿ ನೆನೆಯದಿರಲಾಗದು. ಅಶೋಕನ ಆಜ್ಞೆಯು ಸುವರ್ಣಗಿರಿಯ ಆರ್ಯಪುತ್ರ ಮತ್ತು ಮಹಾಮಾತ್ರರಿಂದ ಇಸಿಲದ ಮಹಾಮಾತ್ರರಿಗೆ ಹೋಗತಕ್ಕದ್ದೆಂದು ಮೊದಲು ಹೇಳಿ, ಕುಶಲಪ್ರಶ್ನೆಯನ್ನು ಮಾಡಿ, ಆಮೇಲೆ ವಿಷಯಕ್ಕೆ ಬರುತ್ತದೆ. ಕಳುಹಿದವರು, ಪಡೆಯುವವರು, ನಡುವಿನ ಠಾಣ್ಯ ಎಲ್ಲವೂ ತಲೆಬರಹದಲ್ಲಿಯೇ ಉಂಟು. ಕಡೆಯಲ್ಲಿ ಲಿಪಿಕಾರ ಚಪಡನು ತನ್ನ ವೃತ್ತಿಯ ಹೆಸರನ್ನು ಮಾತ್ರ, ಬ್ರಾಹ್ಮಿಯನ್ನು ಬಿಟ್ಟು, ಬಲದಿಂದೆಡಕ್ಕೆ ಹೋಗುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಒಂದೇ ಬಂಡೆಯಲ್ಲಿ, ವಿಷಯಕ್ಕೆ ಒಂದು ಲಿಪಿ, ಲಿಪಿಕಾರನಿಗೆ ಮತ್ತೊಂದು.

ಎರಡನೆಯ ಬಾಗಿಲು ತೆರೆದೊಡನೆ ಅದು ವೇಗದ ಬಾಗಿಲಾಗುವುದಿಲ್ಲ. ಮ್ಯಾಕ್‌ವಿಲ್ಯಾನ್ ಎಂಬ ಪ್ಲಗಿನ್ನಿನಿಂದ ಮಾಡಿದ ಬಾಗಿಲು ಕರ್ನೆಲಿನ ವಿಚಾರಣೆಯನ್ನು ಕೊಂಚ ಕಡಮೆ ಮಾಡುತ್ತದೆಯಷ್ಟೆ. ನಿಜವಾದ ವೇಗಕ್ಕೆ ಯಂತ್ರದ ಜಾಲಕಾರ್ಡೇ ಒದಗಬೇಕು. ೨೦೦೭ರಲ್ಲಿ ನಿರ್ಣಯವಾದ ಎಸ್.ಆರ್.-ಐ.ಒ.ವಿ. ಎಂಬ ನಿಯಮದಂತೆ, ಒಂದು ಕಾರ್ಡು ತನ್ನನ್ನೇ ಅನೇಕ ಉಪಕಾರ್ಡುಗಳೆಂದು ತೋರಿಸಿಕೊಳ್ಳಬಲ್ಲದು. ಇವುಗಳಿಗೆ ವರ್ಚುಯಲ್ ಫಂಕ್ಷನ್ ಎಂದು ಹೆಸರು. ಇದನ್ನು ಏರ್ಪಡಿಸತಕ್ಕವನು ಮೊದಲು ಯಂತ್ರದ ಮೂಲವ್ಯವಸ್ಥೆಯಲ್ಲಿ ಇದಕ್ಕೆ ಅನುಮತಿಯನ್ನು ಕೊಟ್ಟು, ಕಾರ್ಡಿಗೆ ಎಷ್ಟು ಉಪಕಾರ್ಡುಗಳು ಬೇಕೆಂಬ ಸಂಖ್ಯೆಯನ್ನು ಬರೆದು, ಡಿವೈಸ್ ಪ್ಲಗಿನ್ ಎಂಬ ಲೆಕ್ಕಿಗನ ಮೂಲಕ ಅವುಗಳ ಎಣಿಕೆಯನ್ನು ಸಮೂಹಕ್ಕೆ ತಿಳಿಸಬೇಕು. ಪಾಡು ತನ್ನ ಓಲೆಯಲ್ಲಿ ಅಂತಹುದೊಂದನ್ನು ಕೇಳಿದರೆ, ಅದು ಬಿಡುವಾಗಿರುವ ಯಂತ್ರಕ್ಕೆ ಮಾತ್ರ ಆ ಪಾಡನ್ನು ಕಳುಹುತ್ತಾರೆ. ಬಳಿಕ ಆ ಉಪಕಾರ್ಡು ಸಂಪೂರ್ಣವಾಗಿ ಕಂಟೇನರಿನ ಕೋಣೆಗೆ ಸೇರಿಹೋಗುತ್ತದೆ. ಇನ್ನೂ ವೇಗ ಬೇಕಾದವರು ಡಿ.ಪಿ.ಡಿ.ಕೆ. ಎಂಬ ಗ್ರಂಥಾಲಯವನ್ನು ಬಳಸಿ, ಕರ್ನೆಲನ್ನು ಪೂರ್ತಿಯಾಗಿ ಬಿಟ್ಟು, ಕಾರ್ಡಿನೊಡನೆ ನೇರವಾಗಿಯೇ ಮಾತಾಡುತ್ತಾರೆ.

ಇಲ್ಲಿ ಕಾವಲಿನ ಮೊದಲನೆಯ ಅರ್ಥವು ಪೂರ್ಣವಾಗಿ ಕಾಣುತ್ತದೆ. ಡಿ.ಪಿ.ಡಿ.ಕೆ. ನಡೆಯಬೇಕ್ಕಾದರೆ ಪ್ರೊಸೆಸರಿನ ಕೆಲವು ಅಂಗಗಳನ್ನು ಇತರ ಯಾವ ಕೆಲಸವೂ ಮುಟ್ಟದಂತೆ ಮೀಸಲಿಡಬೇಕು. ಪ್ಯಾಕೆಟ್ಟು ಬರಲಿ ಬಾರದಿರಲಿ ಆ ಅಂಗವು ಎಡೆಬಿಡದೆ ಬಾಗಿಲನ್ನೇ ನೋಡುತ್ತಿರುತ್ತದೆ. ನೆನಪಿನ ಭಾಗವನ್ನೂ ನಾಲ್ಕು ಕಿಲೋಬೈಟುಗಳ ಚಿಕ್ಕ ಹಾಳೆಗಳಾಗಿ ಅಲ್ಲದೆ, ಎರಡು ಮೆಗಾಬೈಟು ಅಥವಾ ಒಂದು ಗಿಗಾಬೈಟಿನ ದೊಡ್ಡ ಹಾಳೆಗಳಾಗಿ ಮೊದಲೇ ತೆಗೆದಿರಿಸಬೇಕು. ಕಾರ್ಡು, ಪ್ರೊಸೆಸರು, ನೆನಪು ಮೂರೂ ಯಂತ್ರದ ಒಂದೇ ಪಾರ್ಶ್ವದಲ್ಲಿರಬೇಕು. ಇಲ್ಲವಾದರೆ ಎತ್ತು ಒಂದು ಕಾವಲಿನಲ್ಲಿ, ಮೇವು ಮತ್ತೊಂದರಲ್ಲಿ ಎಂಬಂತಾಗುತ್ತದೆ. ಹೀಗೆ ಮೀಸಲಾದುದೆಲ್ಲ ಇತರ ಕಂಟೇನರುಗಳ ಪಾಲಿನಿಂದ ತೆಗೆದದ್ದೇ. ಬಹುಕಾಲ ಬರಿದಾಗಿ ಕಾಣುವ ಈ ಮೀಸಲನ್ನು ಕಂಡು, ವ್ಯರ್ಥವೆಂದು ೧೮೬೦ರಲ್ಲಿ ಮಾಡಿದಂತೆ ಮಾರಿಬಿಡುವ ಆಡಳಿತಗಾರರೂ ಉಂಟು. ಬೇಕಿಲ್ಲದವರಿಗೂ ಬೇಲಿ ಹಾಕಿಕೊಟ್ಟು ಉಳಿದವರನ್ನು ಹಸಿವಿಗಿಡುವವರೂ ಉಂಟು. ಉಪಕಾರ್ಡುಗಳ ಸಂಖ್ಯೆಯು ಪರಿಮಿತವಾದುದರಿಂದ, ಪಾಡುಗಳು ಜಾಗವಿಲ್ಲದೆ ಕಾದು ನಿಲ್ಲುವುದು ಸಾಮಾನ್ಯ. ನನ್ನ ಅಭಿಪ್ರಾಯದಲ್ಲಿ, ಮೊದಲು ಹಳೆಯ ಬಾಗಿಲಿನಲ್ಲಿ ನಿಂತು ಅಳೆದು ನೋಡಿ, ಅದು ನಿಜವಾಗಿಯೂ ಸಾಲದೆಂದು ಕಂಡ ಮೇಲೆಯೇ ಎರಡನೆಯದನ್ನು ತೆರೆಯತಕ್ಕದ್ದು.

ಸಣ್ಣದಾದರೂ ಮೋಸಗೊಳಿಸುವ ಮತ್ತೊಂದು ಸಂಗತಿಯುಂಟು. ವೇಗದ ಜಾಲದಲ್ಲಿ ಪ್ಯಾಕೆಟ್ಟಿನ ಗಾತ್ರವನ್ನು ರೂಢಿಯ ೧,೫೦೦ ಬೈಟುಗಳಿಂದ ೯,೦೦೦ಕ್ಕೆ ಏರಿಸುವುದುಂಟು. ಕಂಟೇನರಿನಲ್ಲಿ ಏರಿಸಿ, ದಾರಿಯಲ್ಲಿರುವ ಒಂದು ಸ್ವಿಚ್ಚಿನಲ್ಲಿ ಏರಿಸದೆ ಬಿಟ್ಟರೆ, ಚಿಕ್ಕ ಸಂದೇಶಗಳೆಲ್ಲ ಸುಖವಾಗಿ ಹೋಗಿ ದೊಡ್ಡವು ಮಾತ್ರ ಸದ್ದಿಲ್ಲದೆ ಬಿದ್ದುಹೋಗುತ್ತವೆ. ಪರೀಕ್ಷೆಗೆಂದು ಕಳುಹುವುದು ಚಿಕ್ಕ ಸಂದೇಶವೇ ಆದುದರಿಂದ, ಎಲ್ಲವೂ ಸರಿಯಾಗಿದೆಯೆಂದೇ ತೋರುತ್ತದೆ.

ಇನ್ನು ಕಾವಲಿನ ಎರಡನೆಯ ಅರ್ಥ. ಕುಬರ್ನೆಟಿಸಿನಲ್ಲಿ ಯಾರು ಯಾರೊಡನೆ ಮಾತಾಡಬಹುದೆಂಬುದನ್ನು ಕಟ್ಟುಮಾಡುವ ನೆಟ್‌ವರ್ಕ್ ಪಾಲಿಸಿ ಎಂಬ ಪಹರೆಯುಂಟು. ಈ ಪಹರೆಯವನು ನಿಲ್ಲುವುದು ಮೊದಲನೆಯ ಬಾಗಿಲಿನಲ್ಲಿ ಮಾತ್ರ. ಎರಡನೆಯ ಬಾಗಿಲು ಆತನ ಕಣ್ಣಿಗೆ ಬೀಳುವುದೇ ಇಲ್ಲ. ಎಷ್ಟೋ ಕಡೆ ಆಡಳಿತಗಾರರು ಪಾಲಿಸಿಯನ್ನು ಬರೆದು ನಿಶ್ಚಿಂತರಾಗಿ, ಎರಡನೆಯ ಜಾಲದಿಂದ ಯಾರು ಬೇಕಾದರೂ ಬರಬಹುದೆಂಬುದನ್ನು ಮರೆತಿರುತ್ತಾರೆ. ಚಿತ್ರದುರ್ಗದ ಕೋಟೆಗೆ ಏಳು ಸುತ್ತು, ಹೆಬ್ಬಾಗಿಲುಗಳಿಗೆ ಬಲವಾದ ಪಹರೆ. ಆದರೆ ಹೈದರನ ಸೈನಿಕರು ನುಸುಳಿದುದು ಬಂಡೆಗಳ ನಡುವಿನ ಕಿಂಡಿಯಲ್ಲಿ. ಕಹಳೆಯ ಕಾವಲುಗಾರನು ಊಟಕ್ಕೆ ಹೋಗಿದ್ದಾಗ ಅವನ ಹೆಂಡತಿ ಓಬವ್ವನು ಒನಕೆ ಹಿಡಿದು ನಿಂತಳೆಂಬ ಐತಿಹ್ಯವನ್ನು ಈ ಜಿಲ್ಲೆಯಲ್ಲಿ ತಿಳಿಯದ ಮಗುವಿಲ್ಲ. ಆ ಕಿಂಡಿಯು ಕೋಟೆಯವರೇ ಹಾಲು ಮೊಸರಿನವರಿಗಾಗಿ ಬಿಟ್ಟುಕೊಂಡುದೆಂದು ಹೇಳುವವರೂ ಉಂಟು.

ಈ ಕೊರತೆಯನ್ನು ತುಂಬಲು ಮಲ್ಟಿ-ನೆಟ್‌ವರ್ಕ್ ಪಾಲಿಸಿ ಎಂಬ ಬೇರೊಂದು ಏರ್ಪಾಟು ಈಗ ದೊರೆಯುತ್ತದೆ. ಕಂಟೇನರಿನ ಕೋಣೆಯೊಳಗೇ, ನೆಟ್-೧ ಎಂಬ ಬಾಗಿಲಿನ ಬಳಿಯೇ, ಕರ್ನೆಲಿನ ಸೋಸುವ ನಿಯಮಗಳನ್ನು ಬರೆದು ಪಹರೆಯನ್ನು ನಿಲ್ಲಿಸುವುದು ಅದರ ಕ್ರಮ. ಮ್ಯಾಕ್‌ವಿಲ್ಯಾನ್ ಮೊದಲಾದ ಬಾಗಿಲುಗಳಿಗೆ ಇದು ಸರಿಹೋಗುತ್ತದೆ. ಡಿ.ಪಿ.ಡಿ.ಕೆ.ಗೆ ಒಪ್ಪಿಸಿದ ಉಪಕಾರ್ಡಿನಲ್ಲಾದರೋ ಪ್ಯಾಕೆಟ್ಟುಗಳು ಕರ್ನೆಲಿನ ಕಡೆ ಸುಳಿಯುವುದೇ ಇಲ್ಲವಾದುದರಿಂದ, ಅಲ್ಲಿ ನಿಲ್ಲಿಸಿದ ಪಹರೆಯು ಬರಿದಾದ ಬಾಗಿಲನ್ನು ಕಾದಂತೆ. ಅಂತಹ ಕಡೆ, ಒಂದು ಉಪಕಾರ್ಡು ಮತ್ತೊಂದರ ಹೆಸರಿನಲ್ಲಿ ಮಾತಾಡದಂತೆ ತಡೆಯುವ ಸ್ಪೂಫ್ ಚೆಕ್ಕನ್ನು ಕಾರ್ಡಿನಲ್ಲಿಯೇ ಜಾರಿಯಲ್ಲಿಡಬೇಕು. ಒಂದೊಂದು ಬಗೆಯ ಕೆಲಸಕ್ಕೆ ಒಂದೊಂದು ವಿಲ್ಯಾನ್ ಸಂಖ್ಯೆಯನ್ನು ಕೊಟ್ಟು, ಆ ಸಂಖ್ಯೆಗಳನ್ನು ಹೊರಗಿನ ಸ್ವಿಚ್ಚಿನ ಬಾಯಲ್ಲಿಯೂ ಬರೆದಿಡಬೇಕು. ಜಾಲದ ಪತ್ರಗಳನ್ನು ಯಾವ ಪಾಡು ಬೇಕಾದರೂ ಕೇಳಿ ಪಡೆಯದಂತೆ, ಅವನ್ನು ಆಯಾ ಇಲಾಖೆಯ ನೇಮ್‌ಸ್ಪೇಸಿನೊಳಗೇ ಇರಿಸಬೇಕು. ಈ ಮೂರು ಕೆಲಸಗಳು ಮೂರು ಬೇರೆ ಬೇರೆ ಅಧಿಕಾರಿಗಳ ಕೈಯಲ್ಲಿರುವುದು ವಾಡಿಕೆ. ಕಾರ್ಡು ಯಂತ್ರಶಾಲೆಯವರದು, ಸ್ವಿಚ್ಚು ಜಾಲದವರದು, ನೇಮ್‌ಸ್ಪೇಸು ಸಮೂಹದ ಆಡಳಿತದವರದು. ಆದಕಾರಣ ಬಾಗಿಲನ್ನು ಕೇಳಿದವನೇ ಮೂವರ ಬಳಿಗೂ ಹೋಗಿ, ಕಾವಲು ನಿಂತಿದೆಯೇ ಎಂದು ವಿಚಾರಿಸಿಕೊಂಡು, ಅನಂತರ ಕೆಲಸವನ್ನು ಆರಂಭಿಸುವುದು ಯುಕ್ತ.